ಗೋಡೆಗೇರಿದ ಓಕುಳಿ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಒಂದು ರಾಜ್ಯದಲ್ಲಿ ಒಬ್ಬ ರಾಣಿ ಇದ್ದಳು. ಅವಳಿಗೆ ಮಂಡಿನೋವು. ಬಿಸಿನೀರು ಬಿದ್ದರೇನೇ ಅವಳಿಗೆ ಹಾಯ್ ಅನಿಸೋದು. ಅದಕ್ಕೇ ರಾಜ ಅರಮನೆಯೊಳಗೊಂದು ಬಚ್ಚಲುಮನೆ ಕಟ್ಟು ಅಂತ ತಿಪ್ಪಣ್ಣ ಮೇಸ್ತ್ರಿಗೆ ಹೇಳಿದ.

ತಿಪ್ಪಣ್ಣನಿಗೆ ಕೆಲಸ ಗೊತ್ತಿತ್ತು, ಆದರೆ ಮೈಗಳ್ಳ. ಚಪ್ಪಡಿ ಹಾಸೋ ಮೊದಲು ಕೆಳಗೆ ಗಾರೆ ಹಾಕಿ, ನೀರು ಇಂಗದ ಹಾಗೆ ಬಡಿದು ಬಡಿದು ಗಟ್ಟಿಮಾಡಬೇಕು. "ಚಪ್ಪಡಿ ಎತ್ತಿ ಯಾರು ನೋಡ್ತಾರೆ?" ಅಂತ ಬರೀ ಮರಳು ಹರಡಿ ಮುಗಿಸಿಬಿಟ್ಟ. ಮೇಲೆ ನೆಲ ಕನ್ನಡಿ ಹಾಗೆ ಹೊಳೀತು. ರಾಜ ಶಾಲು ಹೊದಿಸಿದ.

ಬಚ್ಚಲ ಗೋಡೆಯಾಚೆ ಸೇವಕಿ ದ್ಯಾಮವ್ವನ ಕೋಣೆ. ಅಲ್ಲಿ ಅವಳು, ಅವಳ ಹಸುಗೂಸು. ಗೋಡೆ ತಣ್ಣಗಾಯ್ತು. ಆಮೇಲೆ ಒದ್ದೆಯಾಯ್ತು. ಆಮೇಲೆ ಬೂಷ್ಟು ಹಿಡೀತು. ಕೂಸಿಗೆ ಕೆಮ್ಮು ಹತ್ತಿತು.

ದ್ಯಾಮವ್ವ ಮೇಸ್ತ್ರಿ ಹತ್ತಿರ ಹೋದಳು. "ನೀನೇ ನೀರು ಚೆಲ್ಲಿರ್ತೀಯ" ಅಂದ. ಬಿಂದಿಗೆ ಹೊರಗಿಟ್ಟಳು, ಗೋಡೆ ಒಣಗಲಿಲ್ಲ. ಮತ್ತೆ ಹೋದಳು. "ಕೂಸಿನ ಬಟ್ಟೆ ಒಳಗೆ ಒಣಗಿಸ್ತೀಯ" ಅಂದ. ಬಟ್ಟೇನೂ ಹೊರಗೆ ಹಾಕಿದಳು, ಗೋಡೆ ಒಣಗಲಿಲ್ಲ. ಮೂರನೇ ಸಲ, "ಇನ್ನೊಮ್ಮೆ ಬಾಯಿ ಬಿಟ್ಟರೆ ಕೋಣೇನೇ ಬಿಡಿಸ್ತೀನಿ" ಅಂತ ಗದರಿಸಿದ.

ಅವತ್ತು ರಾಣಿಯ ಕಾಲಿಗೆ ಎಣ್ಣೆ ತಿಕ್ಕುವಾಗ ದ್ಯಾಮವ್ವನ ಕಣ್ಣೀರು ಟಪ್ಪಂತ ಬಿತ್ತು.

"ಏನಾಯ್ತೇ ದ್ಯಾಮಿ?"

ಅವಳು ಎಲ್ಲಾ ಹೇಳಿಕೊಂಡಳು. ರಾಣಿ ಕುಂಟುತ್ತಲೇ ಹೋಗಿ ಗೋಡೆಗೆ ಅಂಗೈ ಇಟ್ಟಳು. ಕೂಸನ್ನ ಎತ್ತಿಕೊಂಡಳು. ಮೇಸ್ತ್ರಿಯನ್ನ ಕರೆಸಿದಳು.

"ತಾಯಿ, ನಾ ಹಾಸಿದ ನೆಲದಿಂದ ಒಂದು ಹನಿ ಆಚೆ ಹೋದರೆ, ನಾನೇ ಆ ಕೋಣೇಲಿ ಮಲಗ್ತೀನಿ!" ಅಂದ ತಿಪ್ಪಣ್ಣ.

"ಆಗಲಿ" ಅಂದಳು ರಾಣಿ. ತಾಯಿ ಮಗೂನ ತನ್ನ ಅಂತಃಪುರಕ್ಕೆ ಕರಕೊಂಡಳು. ಕೋಣೆಯ ಗೋಡೆಗೆ ಸುಣ್ಣ ಬಳಿಸಿ ಬೀಗ ಹಾಕಿಸಿದಳು. ದಿನಾ ಸ್ನಾನದ ನೀರಿಗೆ ಬೊಗಸೆ ತುಂಬ ಅರಿಶಿನ ಕಲಸಿ ಮಿಂದಳು.

ಕಡೆಗೊಂದು ದಿನ ಮೇಸ್ತ್ರಿಯನ್ನೂ ಕರೆಸಿ, ರಾಜನ ಮುಂದೆ ಬೀಗ ತೆಗೆಸಿದಳು. ಸುಣ್ಣಕ್ಕೆ ಅರಿಶಿನದ ನೀರು ತಾಗಿ ಗೋಡೆ ಸೊಂಟದೆತ್ತರಕ್ಕೆ ಓಕುಳಿ ಹಾಗೆ ಕೆಂಪೇರಿತ್ತು!

"ಬೀಗ ಹಾಕಿದ ಕೋಣೆಗೆ ಯಾರಪ್ಪ ನೀರು ಚೆಲ್ಲಿದ್ದು?" ಅಂದಳು ರಾಣಿ. "ಕೊಟ್ಟ ಮಾತು ಉಳಿಸ್ಕೊ. ಬಚ್ಚಲ ನೆಲ ಸರಿಯಾಗೋ ತನಕ ಇಲ್ಲೇ ಮಲಗು."

ಆ ತೇವದಲ್ಲಿ ಮಲಗಿ ತಿಪ್ಪಣ್ಣನೂ ಕೆಮ್ಮಿದ. ಕೂಸು ಹೇಗೆ ಕೆಮ್ಮಿತ್ತು ಅಂತ ಆಗ ತಿಳೀತು. ತಾನೇ ಚಪ್ಪಡಿ ಎತ್ತಿದ. ಬೆಲ್ಲದ ನೀರು ಬೆರೆಸಿ ಗಾರೆ ಅರೆದು ಬಡಿದ. ನೀರು ಹೊರಗೆ ಹರಿಯೋ ಬಚ್ಚಲ ಬಾಯಿ ಕಡೆಗೆ ಇಳಿಜಾರು ಕೊಟ್ಟ. ಗಾರೆಯನ್ನ ಗೋಡೆಗೂ ಒಂದು ಗೇಣು ಏರಿಸಿದ. ನೀರು ತುಂಬಿಸಿ ನಿಲ್ಲಿಸಿ ನೋಡಿದ. ಆಚೆ ಗೋಡೆ ಒಣಗಿಯೇ ಇತ್ತು.

"ತಪ್ಪಾಯ್ತು ತಂಗೀ" ಅಂದ ದ್ಯಾಮವ್ವನಿಗೆ. ಅವಳು ಕೂಸನ್ನ ತನ್ನ ಕೋಣೆಯ ಒಣಗಿದ ನೆಲದ ಮೇಲೆ ಮಲಗಿಸಿದಳು. ಅದು ಕೆಮ್ಮದೆ ನಿದ್ದೆಹೋಯ್ತು.

ತಿಳೀತೇನ್ರೋ ಮಕ್ಕಳೇ? ಕಾಣದ ಕಡೆ ಮಾಡಿದ ಕಳ್ಳಗೆಲಸ ಅಲ್ಲೇ ಅಡಗಿ ಕೂರಲ್ಲ. ಅದರ ತೇವ ಇನ್ಯಾರದೋ ಗೋಡೆಗೆ ಏರುತ್ತೆ. ಅದಕ್ಕೇ, ಯಾರೂ ನೋಡದ ಕಡೇನೇ ಕೆಲಸ ಗಟ್ಟಿಯಾಗಿರಬೇಕು.