ಹದ್ದಿಗೂ ಕಾಣುವ ಬಲೆ

ಹೊಳೆಯಾಚೆ, ಬಂಡೆಗಳ ನಡುವೆ ಕರಿಸಿದ್ಧ ತಾತನ ಆಶ್ರಮ. ದಡದ ದೇವಿಗೆ ಹರಕೆಯ ಕೋಳಿ ತಂದವರನ್ನು ತಾತ ತಡೆದು, "ಕೊಯ್ಯಬ್ಯಾಡ್ರಿ, ನನಗೆ ಕೊಟ್ಟು ಹೋಗ್ರಿ" ಎಂದು ಕೇಳುತ್ತಿದ್ದರು. ಹಾಗೆ ಬಂದು ಸೇರಿದ ಕೋಳಿಗಳು ಇಪ್ಪತ್ತಕ್ಕೂ ಮೇಲಾಗಿದ್ದವು.

ಅವುಗಳ ಯೋಗಕ್ಷೇಮದ ಹೊಣೆ ಸಣ್ಣೀರಮ್ಮನದು. ಎಂಟು ವರ್ಷದ ಮಗಳು ಕಾಲುವೆಗೆ ಬಿದ್ದು ಸತ್ತ ಮೇಲೆ ಅವಳು ತಾತನ ಶಿಷ್ಯೆಯಾಗಿ ಬಂದಿದ್ದಳು. ಆರು ತಿಂಗಳಾದರೂ ಊರಿನ ಮಾತೆತ್ತಿರಲಿಲ್ಲ. ತಾತನೂ ಕೇಳಿರಲಿಲ್ಲ.

ಕೋಳಿಗಳ ಅಂಗಳಕ್ಕೆ ಸುತ್ತ ಮುಳ್ಳುಬೇಲಿ ಇತ್ತು, ಮೇಲೆ ಏನೂ ಇರಲಿಲ್ಲ. ಒಂದೇ ವಾರದಲ್ಲಿ ಹದ್ದು ಮೂರು ಮರಿಗಳನ್ನು ಎತ್ತಿಕೊಂಡು ಹೋಯಿತು. ಮೂರನೆಯದು ಸಣ್ಣೀರಮ್ಮನ ಕಣ್ಣೆದುರೇ ಹೋಯಿತು.

ಅವಳು ತಾತನ ಬಳಿ ಓಡಿದಳು.

"ತಾತಾ, ಅಂಗಳಕ್ಕೆ ಮೇಲೆ ಏನಾದ್ರೂ ಹೊದಿಸಬೇಕು. ಏನ್ ಹೊದಿಸ್ಲಿ?"

"ಅದರ ಕೆಳಗೆ ಇರೋದು ನಾನಲ್ಲ ತಾಯಿ, ಕೋಳಿ. ಅವನ್ನ ನೋಡಿ ಆರಿಸು."

ಅವಳು ಕೋಳಿಗಳನ್ನು ನೋಡಲಿಲ್ಲ. ಆಶ್ರಮದ ಹಿಂದೆ ಬಿದ್ದಿದ್ದ ಹಳೆಯ ತಗಡುಗಳನ್ನು ನೋಡಿದಳು. ಅಂದೇ ಅವುಗಳನ್ನು ಎಳೆದು ತಂದು, ಒಂದು ಸಂದೂ ಉಳಿಯದಂತೆ ಹೊದಿಸಿದಳು. ಸುತ್ತ ಗೋಣಿಚೀಲ ಕಟ್ಟಿದಳು.

ಹದ್ದು ಬಂತು. ಎರಡು ಸುತ್ತು ಸುತ್ತಿ ಹೋಯಿತು.

ಐದನೆಯ ದಿನದ ಹೊತ್ತಿಗೆ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುತ್ತಿದ್ದವು. ಮೊಟ್ಟೆ ಇಡುವುದು ನಿಂತಿತು. ಆರನೆಯ ದಿನ ಚುಕ್ಕೆಯ ಹೇಂಟೆ ಸತ್ತು ಬಿದ್ದಿತ್ತು.

ಅಂದು ಮಧ್ಯಾಹ್ನ ತಾತ ಗೋಣಿಚೀಲ ಸರಿಸಿ ಒಳಗೆ ಹೋಗಿ, ತಗಡಿನ ಕೆಳಗೆ ಕುಳಿತರು.

"ತಾತಾ, ಒಳಗೆ ಕಾದ ಹೆಂಚಿನಂಗೆ ಐತೆ. ಹೊರಗೆ ಬನ್ರಿ."

"ಹೊರಗೆ ಹದ್ದು ಐತಲ್ಲ."

"ಹದ್ದು ನಿಮಗೇನ್ ಮಾಡ್ತೈತೆ?"

"ಇಲ್ಲಿ ಕೂತ್ರೆ ಏನೂ ಮಾಡಲ್ಲ" ಎಂದು ತಾತ ಕಣ್ಣು ಮುಚ್ಚಿದರು.

ಅವರ ಹಣೆಯಿಂದ ಬೆವರು ಇಳಿಯತೊಡಗಿತು. ಸಣ್ಣೀರಮ್ಮ ಮತ್ತೆ ಕರೆದಳು. ಕೈ ಮುಗಿದಳು. ತಾತ ಮಿಸುಕಲಿಲ್ಲ. ಕೊನೆಗೆ ಅವಳೇ ಮೇಲೆ ಹತ್ತಿ, ಕಾದ ತಗಡುಗಳನ್ನು ಬರಿಗೈಯಲ್ಲಿ ಕಿತ್ತು ಎಸೆದಳು. ಅಂಗೈಗಳೆರಡೂ ಸುಟ್ಟವು.

ಕೊನೆಯ ತಗಡು ಬಿದ್ದ ಮೇಲೆ ತಾತ ಎದ್ದು ಹೊಳೆಗೆ ಸ್ನಾನಕ್ಕೆ ಹೋದರು.

ಆಮೇಲೆ ಅವಳು ಬೆಸ್ತರ ಕೇರಿಯಿಂದ ಹಳೆಯ ಮೀನಿನ ಬಲೆ ತಂದು ಕಟ್ಟಿದಳು. ಕೂದಲೆಳೆಯಷ್ಟು ಸಣ್ಣ ದಾರ. ಗಾಳಿ ಬಂತು, ಬಿಸಿಲು ಬಂತು. ಕೋಳಿಗಳು ಚೇತರಿಸಿಕೊಂಡವು.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಳದಿಂದ ಕಿರುಚಾಟ ಕೇಳಿತು. ಹದ್ದು ಬಲೆಗೆ ಸಿಕ್ಕಿಬಿದ್ದಿತ್ತು. ಒಂದು ರೆಕ್ಕೆ ತಿರುಚಿಕೊಂಡು, ತಲೆಕೆಳಗಾಗಿ ತೂಗುತ್ತಿತ್ತು.

ಸಣ್ಣೀರಮ್ಮ ಬಡಿಗೆ ಎತ್ತಿಕೊಂಡಳು.

ತಾತ ಪಕ್ಕಕ್ಕೆ ಬಂದು ನಿಂತರು. ಕೈಯಲ್ಲಿ ಕುಡುಗೋಲು ಇತ್ತು. ಅದನ್ನು ಅವಳ ಮುಂದೆ ಹಿಡಿದರು.

"ಬಡಿಗೆ ಬ್ಯಾಡ, ಇದನ್ನ ತಗೋ."

ಅವಳು ತೆಗೆದುಕೊಂಡಳು.

"ಮರಿ ಒಯ್ದಿದ್ದು ಇದೇ, ತಾತಾ."

"ಹೌದು."

"ಬಿಟ್ರೆ ಮತ್ತೆ ಬರ್ತೈತೆ."

"ಬರ್ತೈತೆ."

ಅವಳು ಹತ್ತಿರ ಹೋದಳು. ಹದ್ದಿನ ಎದೆ ಡವಡವ ಬಡಿದುಕೊಳ್ಳುತ್ತಿತ್ತು. ಅದು ಕೂಗುವುದನ್ನು ನಿಲ್ಲಿಸಿ ಅವಳನ್ನೇ ನೋಡಿತು. ಅವಳು ತುಂಬ ಹೊತ್ತು ಹಾಗೇ ನಿಂತಳು.

ಆಮೇಲೆ ಬಲೆಯ ಒಂದು ಎಳೆ ಕೊಯ್ದಳು. ಇನ್ನೊಂದು ಕೊಯ್ದಳು. ಬಿಡುಗಡೆಯಾಗುವಾಗ ಹದ್ದು ಅವಳ ಮೊಣಕೈಯನ್ನು ಪರಚಿತು. ರಕ್ತ ಬಂತು. ಅದು ತಗ್ಗಿನಲ್ಲೇ ಹಾರಿ, ದೂರದ ಬಂಡೆಯ ಮೇಲೆ ಕೂತು, ರೆಕ್ಕೆ ಕೊಡವಿತು. ಬಹಳ ಹೊತ್ತಿನ ಮೇಲೆ ಮೇಲೆದ್ದಿತು.

ಸಣ್ಣೀರಮ್ಮ ನೆಲದ ಮೇಲೆ ಕೂತಳು.

"ಅದನ್ನ ಹಿಡೀಬೇಕು ಅಂತ ನಾನು ಬಲೆ ಕಟ್ಟಲಿಲ್ಲ, ತಾತಾ."

"ಗೊತ್ತು. ಹದ್ದಿಗೆ ಬಲೆ ಕಾಣಲಿಲ್ಲ."

ಹರಿದ ಬಲೆಯನ್ನು ಬಿಚ್ಚಿ ಹಾಕಿ, ಮುಂದಿನ ಹತ್ತು ದಿನ ಅವಳು ಏನನ್ನೂ ಕಟ್ಟಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಳದಲ್ಲೇ ಕೂತು ಕಾವಲು ಕಾದಳು. ಕೂತಾಗ ಕೋಳಿಗಳನ್ನು ನೋಡಿದಳು.

ಅವುಗಳಿಗೆ ಬೆಳಗಿನ ಬಿಸಿಲು ಬೇಕಿತ್ತು. ಕಾದ ಮಣ್ಣಿನಲ್ಲಿ ಹೊರಳುವುದು ಬೇಕಿತ್ತು. ಮೇಲೆ ನೆರಳು ಸುಳಿದರೆ ಹುಂಜ ಒಂದು ಬಗೆಯ ಕೂಗು ಹಾಕುತ್ತಿತ್ತು. ಆಗ ಎಲ್ಲವೂ ಬೇಲಿಯ ಜಾಲಿಗಿಡದ ಕೆಳಗೆ ನುಗ್ಗುತ್ತಿದ್ದವು. ಗಿಡದಿಂದ ದೂರವಿದ್ದ ಮರಿಗಳು ಮಾತ್ರ ಎತ್ತ ಓಡುವುದೆಂದು ತಿಳಿಯದೆ ನಿಂತುಬಿಡುತ್ತಿದ್ದವು.

ಹನ್ನೊಂದನೆಯ ದಿನ ಪುಂಡಿನಾರು ತಂದು ದಪ್ಪ ಹುರಿ ಹೊಸೆಯಲು ಕೂತಳು. ಮುಷ್ಟಿ ತೂರದಷ್ಟು ಸಣ್ಣ ಕಣ್ಣುಗಳ ಬಲೆ ಹೆಣೆದಳು. ತಾನು ನಿಂತು ಓಡಾಡುವಷ್ಟು ಎತ್ತರದ ಗೂಟ ನೆಟ್ಟು, ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದಳು. ಹದ್ದಿಗೆ ದೂರದಿಂದಲೇ ಕಾಣಲೆಂದು ಅಲ್ಲಲ್ಲಿ ಬಿಳಿಯ ಬಟ್ಟೆಯ ಚೂರು ಕಟ್ಟಿದಳು. ಬಲೆಯ ಕೆಳಗೆ ನಡುಭಾಗದಲ್ಲಿ ಜೋಳದ ದಂಟಿನ ತಗ್ಗಾದ ಚಪ್ಪರ ಹಾಕಿದಳು. ಯಾವ ಮೂಲೆಯಿಂದಲೂ ಮರಿಗಳು ಓಡಿ ಬಂದು ಸೇರಿಕೊಳ್ಳಬಹುದಿತ್ತು.

ಹದ್ದು ಬಂತು. ಬಟ್ಟೆಯ ಚೂರುಗಳನ್ನು ಕಂಡು, ಪಕ್ಕಕ್ಕೆ ವಾಲಿ ಹೊರಟುಹೋಯಿತು.

ತಾತ ಬಂದು ಬಲೆಯ ಕೆಳಗೆ ನಿಂತು ತಲೆ ಎತ್ತಿದರು.

"ಆಕಾಶ ಕಾಣ್ತೈತೆ" ಎಂದರು. 

ಆ ತಿಂಗಳು ಒಂದು ಹೇಂಟೆ ಒಂಬತ್ತು ಮರಿ ಮಾಡಿತು. ನಾಲ್ಕನೆಯ ದಿನ ಬೆಳಿಗ್ಗೆ ಸಣ್ಣೀರಮ್ಮ ಕಾಳಿನ ಬುಟ್ಟಿ ಹಿಡಿದು ಹೋದಾಗ ಎಂಟು ಓಡಿಬಂದವು. ಒಂದು ಚಪ್ಪರದ ಕೆಳಗೆ ಸತ್ತು ಬಿದ್ದಿತ್ತು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ತಾತನ ಬಳಿ ಬಂದಳು. ಬುಟ್ಟಿ ಕಂಕುಳಲ್ಲೇ ಇತ್ತು.

"ಹದ್ದಲ್ಲ, ಹಾವಲ್ಲ, ಬಿಸಿಲೂ ಅಲ್ಲ. ಮೈಮೇಲೆ ಒಂದು ಗೀರಿಲ್ಲ. ಇದಕ್ಕೆ ನಾನು ಏನ್ ಹೊದಿಸಬೇಕಿತ್ತು, ತಾತಾ?"

ತಾತ ಎದ್ದರು. ಬೇವಿನ ಮರದ ಬುಡದಲ್ಲಿ ಕೈಯಿಂದಲೇ ಮಣ್ಣು ಬಗೆದರು. ಅವಳು ಮರಿಯನ್ನು ಮಲಗಿಸಿದಳು. ಇಬ್ಬರೂ ಸೇರಿ ಮಣ್ಣು ಮುಚ್ಚಿದರು.

ಆಮೇಲೆ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ನನಗೆ ಇನ್ನೊಬ್ಬಳು ಮಗಳಿದಾಳೆ."

ತಾತ ಅವಳತ್ತ ತಿರುಗಿ ಕೂತರು.

"ಐದು ವರ್ಷ. ಹೊನ್ನಿ ಅಂತ. ಅಕ್ಕ ಹೋದ ಮೇಲೆ ಅವಳನ್ನ ಹೊಸ್ತಿಲು ದಾಟಾಕ ಬಿಡಲಿಲ್ಲ. ಬಾಗಿಲಿಗೆ ಬೀಗ ಹಾಕ್ತಿದ್ದೆ. ಕಿಟಕಿಗೂ ಹಲಗೆ ಹೊಡಿಸಿದೆ. ಒಂದಿನ ನಾನು ಒಳಗೆ ಬಂದ ಕೂಡ್ಲೆ ಮೂಲೆಗೆ ಸರಿದು ಕೂತ್ಲು. ನನ್ನ ಕಂಡೇ ಹೆದರಿದ್ಲು, ತಾತಾ. ಅವತ್ತೇ ನಮ್ಮವ್ವನ ಮನೇಲಿ ಅವಳನ್ನ ಬಿಟ್ಟು ಇಲ್ಲಿಗೆ ಬಂದೆ."

ಅವಳು ಮುಚ್ಚಿದ ಮಣ್ಣನ್ನು ಮತ್ತೆ ಸವರಿದಳು.

"ನೋಡಬೇಕು ಅನಿಸ್ತೈತೆ. ಹೋದ್ರೆ ಮತ್ತೆ ಹಂಗೇ ಮಾಡಿಬಿಡ್ತೀನೇನೋ ಅಂತ ಭಯ."

ತಾತ ಕೈಯ ಮಣ್ಣು ಕೊಡವಿಕೊಂಡರು. ಅವಳ ಕಂಕುಳಿಂದ ಕಾಳಿನ ಬುಟ್ಟಿ ತೆಗೆದುಕೊಂಡು ಎದ್ದು ನಿಂತರು.

"ಕೋಳಿ ನಾನು ನೋಡ್ಕೋತೀನಿ, ನೀನು ಹೋಗು. ಹೊನ್ನಿ ಬೀದೀಲಿ ಆಡ್ತಿದ್ರೆ ಒಳಗೆ ಕರೀಬ್ಯಾಡ. ಕಟ್ಟೆ ಮೇಲೆ ಕೂತು ನೋಡು."