ಗಂಡನ ಹೆಸರು ಹೇಳದ ಸೊಸೆ

ಒಂದಾನೊಂದು ಕಾಲ್ದಲ್ಲಿ, ನಿಮ್ಮಜ್ಜನ ಅಜ್ಜಂಗೂ ಇನ್ನೂ ಹೆಸರಿಟ್ಟಿರ್ಲಿಲ್ಲ ಆವಾಗ, ಬೆಟ್ಟದ ಸುತ್ತ ಬರೀ ಮಾವಿನ ತೋಪೇ ಇದ್ದ ಒಂದೂರಿತ್ತಂತೆ. ಬೆಟ್ಟದ ಮೇಲಿನ ತಿಮ್ಮರಾಯಸ್ವಾಮಿಗೆ ಮೊದಲ ಹಣ್ಣಿನ ಬುಟ್ಟಿ ಮುಟ್ಟೋವರ್ಗೂ ಊರಲ್ಲಿ ಯಾರೂ ಒಂದು ಹಣ್ಣು ಕೂಡ ಬಾಯಿಗಿಡಂಗಿಲ್ಲ, ಕೀಳಂಗೂ ಇಲ್ಲ. ಆ ಬುಟ್ಟಿ ಹೊರೋದು ಯಜಮಾನ ಮುನಿಶಾಮಪ್ಪನ ಮನೆ ಸೊಸೇರ ಕೆಲಸ. ಮೂರು ಜನ ಸೊಸೇರು. ದೊಡ್ಡೋಳು ನಂಜಕ್ಕ, ನಡುಲೋಳು ಮುದ್ದಕ್ಕ, ಕಿರಿಯೋಳು ಸಾಕಮ್ಮ. ಸಾಕಮ್ಮನ ತವರಲ್ಲಿ ಒಂದು ಮಾವಿನ ಮರಾನೂ ಇರ್ಲಿಲ್ಲ, ಅದಕ್ಕೇ ಅವಳನ್ನ ರಾಗಿ ಹೊಲದೋಳು, ರಾಗಿ ಹೊಲದೋಳು ಅಂತ ಆಡ್ಕೊಳ್ಳೋರಂತೆ.

ಬೆಟ್ಟದ ದಾರೀಲಿ ಕೋತಿಗಳು ಕಣಮ್ಮ, ಒಂದಾ ಎರಡಾ. ಎದುರಿಗೆ ಬಂದ್ರೆ ಹನುಮಪ್ಪ, ದಾರಿ ಬಿಡಪ್ಪ ಅನ್ನೋದು ಊರಿನ ಪದ್ಧತಿ. ನಂಜಕ್ಕ ಹೋದ್ಲು, ಹನುಮಪ್ಪಾ ಅಂತ ಕಿರುಚಿ ಕೋಲು ಬೀಸಿದ್ಲು. ಬುಟ್ಟಿ ಹೋಯ್ತು, ಕೋಲೂ ಹೋಯ್ತು. ಆಮೇಲೆ ಮುದ್ದಕ್ಕ ಹೋದ್ಲು, ಹನುಮಪ್ಪಾ ಅಂತ ಕೂಗ್ಕೊಂಡು ಓಡಿದ್ಲು. ಓಡೋರನ್ನ ಕಂಡ್ರೆ ಕೋತಿ ಸುಮ್ನಿರುತ್ತಾ, ಇವಳಿಗಿಂತ ಮುಂದೆ ಓಡಿ ಬುಟ್ಟಿ ಕಿತ್ಕೊಂಡ್ವಂತೆ. ಇಲ್ಲಿ ತೋಪಲ್ಲಿ ಹಣ್ಣು ಉದುರಿ ಕೊಳೀತಾ ಇದೆ, ಊರೋರು ಯಜಮಾನನ ಮನೆ ಮುಂದೆ ಬಂದು ನಿಂತವ್ರೆ.

ಆಗ ಸಾಕಮ್ಮ, ಮಾವ, ನಾನು ಹೋಗ್ತೀನಿ ಅಂದ್ಲಂತೆ. ಓರಗಿತ್ತೀರು ನಕ್ಕರು. ಈ ಬುಟ್ಟಿನೂ ಕೈಬಿಟ್ಟು ಹೋದ್ರೆ ಸಾಯೋವರ್ಗೂ ನಾನು ಈ ಮನೇಲಿ ಹೊರಗಿನೋಳೇ ಅಂತ ಅವಳಿಗೆ ಗೊತ್ತಿತ್ತು. ಆದ್ರೂ ಬುಟ್ಟಿ ತಲೆ ಮೇಲಿಟ್ಕೊಂಡ್ಲು. ಇವಳ ಗತಿ ಏನಾಗುತ್ತೋ ನೋಡೋಣ ಅಂತ ಓರಗಿತ್ತೀರಿಬ್ರೂ ಬಂಡೆ ಮರೇಲಿ ಹಿಂದೆಹಿಂದೇನೇ ಹೋದ್ರಂತೆ.

ದಾರಿ ಮಧ್ಯದಲ್ಲಿ ಒಂದು ದಪ್ಪ ಗಡವ, ಅಂದ್ರೆ ಗಂಡು ಕೋತಿ, ಕೂತಿತ್ತು. ಹನುಮಪ್ಪ ಅನ್ನೋಕೆ ಸಾಕಮ್ಮ ಬಾಯಿ ತೆಗೆದೋಳು ನಾಲಿಗೆ ಕಚ್ಕೊಂಡ್ಲು. ಯಾಕೆ ಹೇಳು? ಅವಳ ಗಂಡನ ಹೆಸರೂ ಹನುಮಪ್ಪ. ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ಆಗಿನೋರ ಭಯ. ಏನ್ಮಾಡೋದು, ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು, ಮೆತ್ತಗೆ, ಇವ್ರೇ, ಸ್ವಲ್ಪ ದಾರಿ ಬಿಡ್ತೀರಾ ಅಂದ್ಲಂತೆ. ಕೋಲಿಲ್ಲ, ಕೂಗಾಟ ಇಲ್ಲ, ಹಲ್ಲು ಕಿರಿಯೋದಿಲ್ಲ. ಗಡವ ಮೈ ಕೆರ್ಕೊಂಡು, ಆಕಳಿಸಿ, ಎದ್ದು ಹೋಯ್ತು.

ಇನ್ನೊಂದಷ್ಟು ಮೇಲೆ ಹತ್ತಿದ್ರೆ ಒಂದು ಪಡ್ಡೆ ಕೋತಿ ಬಂದು ಸೆರಗು ಹಿಡ್ಕೊಳ್ತು. ಸಾಕಮ್ಮ ಎಳೀಲಿಲ್ಲ, ಓಡ್ಲಿಲ್ಲ. ಇವ್ರೇ, ಬಿಡಿ, ಜನ ನೋಡ್ತಾರೆ ಅಂದ್ಲಂತೆ. ನಗ್ಬೇಡ, ಬಿಡ್ತಂತೆ. ಆಮೇಲೆ ಗುಡಿ ಬಾಗಿಲಲ್ಲಿ ಒಂದು ಮುದಿ ಕೋತಿ ಬುಟ್ಟಿ ಮೇಲೇ ಕೈ ಇಡ್ತು. ಇವ್ರೇ, ಮೊದ್ಲು ದೇವ್ರಿಗೆ, ಆಮೇಲೆ ನಿಮಗೇ ಬಡಿಸ್ತೀನಿ ಅಂತ ಹೇಳಿ ಹೆದರಿಕೊಂಡೇ ನಿಂತ್ಲು. ಕೈ ತೆಗೀತು. ಪೂಜೆ ಆಯ್ತು. ಸಾಕಮ್ಮ ಕೊಟ್ಟ ಮಾತು ತಪ್ಪೋಳಲ್ಲ, ಅರ್ಧ ಬುಟ್ಟಿ ಹಣ್ಣು ಎಲೆ ಹಾಸಿ ಬಡಿಸಿದ್ಲಂತೆ.

ಅಷ್ಟರಲ್ಲಿ ಓರಗಿತ್ತೀರು ಕೆಳಗೆ ಓಡಿ ಬಂದು, ಊರೋರ ಮುಂದೇನೇ, ಮಾವಾ, ನಿಮ್ಮ ಕಿರೀಸೊಸೆ ಕೋತಿಗಳನ್ನೆಲ್ಲ ಇವ್ರೇ ಇವ್ರೇ ಅಂತ ಗಂಡನ್ನ ಕರೆದಂಗೆ ಕರೀತಾಳೆ ಅಂದ್ರಂತೆ. ಊರೆಲ್ಲ ಬಿದ್ದೂಬಿದ್ದೂ ನಕ್ಕಿತು. ಲೋ ಹನುಮಪ್ಪ, ಬೆಟ್ಟದ ಮೇಲೆ ನಿನಗೆ ಎಷ್ಟು ಜನ ತಮ್ಮಂದಿರೋ ಅಂತ ಅವನ ಕಾಲೆಳೆದರು.

ಸಾಕಮ್ಮ ಪ್ರಸಾದದ ಬುಟ್ಟಿ ಹೊತ್ಕೊಂಡು ಇಳಿದು ಬಂದ್ಲು. ಮುನಿಶಾಮಪ್ಪ ಎದ್ದು ನಿಂತು, ಮನೆ ಯಜಮಾನಂಗೆ ಸಲ್ಲೋ ಮೊದಲ ಹೋಳು ಕುಯ್ದು, ಇದು ನಮ್ಮ ಮನೆ ಮಗಳಿಗೆ ಅಂತ ಅವಳ ಕೈಗೇ ಇಟ್ಟನಂತೆ. ಹನುಮಪ್ಪ ಮೀಸೆ ಮೇಲೆ ಕೈ ಆಡಿಸಿ, ನಗೋರ ಕಡೆ ತಿರುಗಿ ಹೇಳಿದನಂತೆ, ನೀವೆಲ್ಲ ಹೆಸರು ಕೂಗಿ ಬುಟ್ಟಿ ಕಳ್ಕೊಂಡ್ರಿ, ನನ್ನ ಹೆಂಡ್ತಿ ಹೆಸರು ಹೇಳ್ದೇನೇ ನನ್ನ ಹೆಸರು ಉಳಿಸಿದ್ಲು.

ಊರೆಲ್ಲ ಹೊಟ್ಟೆ ತುಂಬ ಹಣ್ಣು ತಿಂದು ಮಲಗ್ತು, ಕತೇನೂ ಮುಗೀತು, ನೀನೂ ಮಲಕ್ಕೊ ನನ್ನ ಕಂದ.