ಎರಡು ಮೊಳ ದೂರದ ಕಡಲು

"ಬುದ್ಧೀ, ನನ್ನ ಪ್ರವಚನಕ್ಕೆ ಊರಿಗೆ ಊರೇ ಬರುತ್ತದೆ. ಎಲ್ಲರೂ ಹೊಗಳುತ್ತಾರೆ. ಆದರೆ ಮುಗಿಸಿ ಕೋಣೆಗೆ ಬಂದರೆ, ನನ್ನವರು ಎನ್ನುವವರು ಒಬ್ಬರೂ ಇಲ್ಲ ಅನ್ನಿಸುತ್ತದೆ. ಏಕೆ ಹೀಗೆ?" ಎಂದು ಶಿಷ್ಯ ಗುರುಬಸವ ಕೇಳಿದ.

"ಅಷ್ಟು ಜನ ಸೇರಿದರೆ ಗಲಾಟೆ ಆಗುವುದಿಲ್ಲವೇ?" ಎಂದರು ಗುರುಗಳು.

"ಇಲ್ಲ ಬುದ್ಧೀ. ಮೊದಲ ಚಾಪೆಯನ್ನೇ ನನ್ನ ಪೀಠದಿಂದ ನಾಲ್ಕು ಮಾರು ದೂರ ಹಾಸಿಸುತ್ತೇನೆ. ಮಕ್ಕಳ ಅಳು ಕೂಡ ಅಷ್ಟಾಗಿ ಕೇಳಿಸುವುದಿಲ್ಲ."

ಗುರುಗಳು ತಲೆಯಾಡಿಸಿ ಒಂದು ಕತೆ ಹೇಳಿದರು.

ಕಡಲ ತೀರದ ಊರೊಂದರಲ್ಲಿ ಒಬ್ಬ ಮೀನುಗಾರನಿಗೆ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯವನು ನೆಲಕ್ಕಿಂತ ನೀರಿನ ಮೇಲೆಯೇ ಹೆಚ್ಚು ಬೆಳೆದ. ಕಿರಿಯವನು ದೋಣಿ ಹತ್ತಿದರೆ ಸಾಕು, ವಾಂತಿ ಮಾಡುತ್ತಿದ್ದ. ಮೀನುಗಾರನ ಮಗನಿಗೆ ಕಡಲು ಆಗದು ಎಂದರೆ ಊರಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇಕೇ? ಒಂದು ದಿನ ಅಣ್ಣ ಅವನ ಕೈಯಿಂದ ಹುಟ್ಟು ತೆಗೆದುಕೊಂಡು, "ನೀನ್ ದಡದಲ್ಲೇ ಕೂಕೋ. ಕಡಲ್ ನಿಂಗಲ್ಲ," ಎಂದ. ಅಣ್ಣ ಮರುಗಿ ಹೇಳಿದನೋ ಹಂಗಿಸಿ ಹೇಳಿದನೋ, ತಮ್ಮನ ಕಿವಿಗೆ ಬಿದ್ದದ್ದು ಮಾತ್ರ ಹಂಗಿಸುವ ಮಾತೇ.

ದಡದಲ್ಲಿ ಕೂತವನು ಇದ್ದಿಲಿನ ಚೂರು ಹಿಡಿದು, ಮಗುಚಿ ಹಾಕಿದ್ದ ದೋಣಿಯ ಹಲಗೆಯ ಮೇಲೆ ಕಡಲನ್ನು ಬರೆದ. ಮರುದಿನ ದೋಣಿಗೆ ಎಣ್ಣೆ ಹಚ್ಚಬೇಕಾಗಿತ್ತು. ಅಣ್ಣ ಅಂಗೈಯಿಂದ ಅದನ್ನು ಒರೆಸಿಹಾಕಿದ. ತಮ್ಮ ಆ ಅಂಗೈಯನ್ನು ಮರೆಯಲಿಲ್ಲ. ಮೀಸೆ ಮೂಡುವ ಮೊದಲೇ ಊರು ಬಿಟ್ಟ.

ಮೂವತ್ತು ವರ್ಷ ಅವನು ಬೇರೇನನ್ನೂ ಬರೆಯಲಿಲ್ಲ, ಕಡಲನ್ನೇ ಬರೆದ. ಹೆಸರು ಬಂತು. ಕೊನೆಗೆ ನಗರದ ಮ್ಯೂಸಿಯಂನವರು ಅವನ ನಲವತ್ತು ಕಡಲುಗಳಿಗೆ ಒಂದು ಇಡೀ ಮಹಡಿಯನ್ನೇ ಬಿಟ್ಟುಕೊಟ್ಟರು. ಅವನು ಎರಡೇ ಮಾತು ಕೇಳಿದ. ಚಿತ್ರಗಳ ಮುಂದೆ ಎರಡು ಮೊಳ ದೂರಕ್ಕೆ ಹಗ್ಗ ಕಟ್ಟಬೇಕು, ಯಾರೂ ಮುಟ್ಟಕೂಡದು. ಬಂದವರು ತನ್ನನ್ನು ಕೇಳಿದರೆ, ಸಿಗುವುದಿಲ್ಲ ಎನ್ನಬೇಕು.

ಹಾಗೆಂದವನು ದಿನವೂ ಬಂದು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದ. ಏಕೆಂದರೆ ಅವನು ಒಬ್ಬನಿಗಾಗಿ ಕಾಯುತ್ತಿದ್ದ. ಅಣ್ಣನಿಗೆ ಆಮಂತ್ರಣದ ಕಾರ್ಡು ಕಳಿಸಿದ್ದ. ಜೊತೆಗೆ ಎರಡು ಸಾಲು ಬರೆಯೋಣವೆಂದು ಪೆನ್ನು ಹಿಡಿದಾಗ ಬಿಗುಮಾನ ಅಡ್ಡ ಬಂದಿತ್ತು. ಪಂಡಿತರು ಬಂದರು, ಪತ್ರಿಕೆಯವರು ಬಂದರು, ಕುತ್ತಿಗೆ ವಾಲಿಸಿ ನೋಡುವವರೆಲ್ಲ ಬಂದು ಹೋದರು. ಇದು ಕಡಲೇ ಹೌದು ಎಂದು ಹೇಳಬಲ್ಲ ಒಬ್ಬನೇ ಒಬ್ಬ ಬರಲಿಲ್ಲ. ಅಷ್ಟು ಜನರ ನಡುವೆ ಚಿತ್ರಕಾರನಿಗೆ ತಾನೊಬ್ಬನೇ ಎನ್ನಿಸುತ್ತಿತ್ತು.

ಕೊನೆಯ ದಿನ ಮಧ್ಯಾಹ್ನ ಅಣ್ಣ ಬಂದ. ತಲೆ ನರೆತಿತ್ತು. ಬರಿಗಾಲಲ್ಲಿದ್ದ. ನುಣುಪು ಕಲ್ಲಿನ ನೆಲದ ಮೇಲೆ ಆ ಬರಿಗಾಲು ಕಂಡು ಕೆಲವರು ಮುಸಿನಕ್ಕರು. ಇದೊಂದು ತಿಳಿಯಬಾರದೇ ಎಂದು ಕಂಬದ ಮರೆಯಲ್ಲಿದ್ದ ತಮ್ಮನಿಗೂ ನಾಚಿಕೆಯಾಯಿತು.

ಅಣ್ಣ ಎಲ್ಲಕ್ಕಿಂತ ದೊಡ್ಡ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಹಗ್ಗದ ಮೇಲಿಂದ ಬಗ್ಗಿ, ನೀರಿನ ಕಡೆಗೆ ಕೈ ಚಾಚಿದ. ತಮ್ಮನಿಗೆ ಕಂಡದ್ದು ಅದೇ ಹಳೆಯ ಅಂಗೈ. ಇವತ್ತೂ ಒರೆಸಲು ಬಂದನೇ ಎಂದುಕೊಂಡ. ಅಷ್ಟರಲ್ಲಿ ಕಾವಲುಗಾರ ಗದರಿದ: "ಏನ್ರೀ ಯಜಮಾನ್ರೇ, ಮುಟ್ಟಬಾರ್ದು. ಹಗ್ಗ ಕಾಣ್ಸಲ್ವಾ?"

"ತಪ್ಪಾಯ್ತ್ ಮಾರಾಯ್ರೆ," ಎಂದ ಅಣ್ಣ. "ಮುಟ್ಟುಕಾಗ ಅಂದೇಳಿ ಗೊತ್ತಾಯ್ಲಿಲ್ಲ."

ಚಿತ್ರಕಾರ ಮುಖ ತಿರುಗಿಸಿಕೊಂಡು ಗೋಡೆ ನೋಡುತ್ತ ನಿಂತ. ಈಗಲಾದರೂ ಹೋಗಿ 'ಅಣ್ಣಾ' ಎನ್ನಬಹುದಿತ್ತು. ಮೂವತ್ತು ವರ್ಷ ಕಾದವನಿಗೆ ಹತ್ತು ಹೆಜ್ಜೆ ಇಡಲಾಗಲಿಲ್ಲ. ಮತ್ತೆ ತಿರುಗಿ ನೋಡಿದಾಗ ಅಣ್ಣ ಅಲ್ಲಿರಲಿಲ್ಲ.

ಸಂಜೆ ಬಾಗಿಲು ಹಾಕುವಾಗ ಕಾವಲುಗಾರ ತಾನಾಗಿಯೇ ಮಾತು ತೆಗೆದ. "ಪಾಪ ಸಾರ್, ಒಬ್ರು ವಯಸ್ಸಾದವ್ರು ಬಂದಿದ್ರು. ಚಪ್ಪಲಿ ಹಾಕ್ಕೊಂಡು ಬನ್ನಿ ಅಂದ್ರೂ ಕೇಳ್ಲಿಲ್ಲ, ಮೆಟ್ಟಿಲ ಹತ್ರಾನೇ ಬಿಟ್ರು. ನಾನು ಗದರಿದ್ಮೇಲೆ ಹಗ್ಗದಿಂದ ಈಚೆ ಇರೋ ನೆಲಾನೇ ಮುಟ್ಟಿ ಕಣ್ಣಿಗೊತ್ಕೊಂಡ್ರು. ಚಿತ್ರ ಬರೆದವ್ರು ಸಿಗ್ತಾರಾ ಅಂತ ಕೇಳಿದ್ರು. ಸಿಗಲ್ಲ ಅಂದೆ. ನೀವೇ ಹಾಗೆ ಹೇಳು ಅಂದಿದ್ರಲ್ಲ, ಸಾರ್."

ಚಿತ್ರಕಾರ ನಿಂತಲ್ಲೇ ನಿಂತ. ಕಡಲಿಗೆ ಇಳಿಯುವವನು ಚಪ್ಪಲಿಯನ್ನು ದಡದಲ್ಲೇ ಬಿಡಬೇಕು. ಮೊದಲು ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅವನ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತು. ಅದನ್ನು ಚಿತ್ರಕ್ಕೆ ಯಾರೂ ಮಾಡುವುದಿಲ್ಲ, ಕಡಲಿಗೆ ಮಾತ್ರ ಮಾಡುತ್ತಾರೆ. ಮೂವತ್ತು ವರ್ಷ ಯಾವ ಮಾತಿಗಾಗಿ ಅವನು ಬರೆದನೋ ಆ ಮಾತನ್ನು ಅಣ್ಣ ಕಣ್ಣೆದುರೇ ಆಡಿ ಹೋಗಿದ್ದ. ಕೇಳಿಸಿಕೊಳ್ಳಬೇಕಾದವನು ಗೋಡೆ ನೋಡುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವನು ಮೆಟ್ಟಿಲಿಳಿದು ಓಡಿದ. ಬೀದಿಯಲ್ಲಿ ಅಣ್ಣನ ಸುಳಿವಿರಲಿಲ್ಲ. ಕೆಳಗಿನ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ ಒಂದು ಚಿಟಿಕೆ ಮರಳು ಉಳಿದಿತ್ತು. ಚಿತ್ರಕಾರ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅತ್ತ.

ಗುರುಗಳು ಅಷ್ಟು ಹೇಳಿ ನಿಲ್ಲಿಸಿದರು. ಗುರುಬಸವನ ಕಣ್ಣೂ ಒದ್ದೆಯಾಗಿತ್ತು.

"ಆಮೇಲಾದರೂ ಅವನು ಆ ಹಗ್ಗ ಬಿಚ್ಚಿಸಿದನೇ, ಬುದ್ಧೀ?" ಎಂದು ಕೇಳಿದ.

"ಅದಿರಲಿ, ನಾಳೆ ನೀನು ಮೊದಲ ಚಾಪೆ ಎಲ್ಲಿ ಹಾಸಿಸುತ್ತೀಯೆ?" ಎಂದರು ಗುರುಗಳು.